ಹಣ ಬಂದ ತಿಂಗಳು: ರಾಯಚೂರು ಜಿಲ್ಲೆಯ ಶಾಲೆಗಳಲ್ಲಿ ಕೇಂದ್ರ ಅನುದಾನದ ಮೂರು ದಶಕ

ಕಲ್ಯಾಣ ಕರ್ನಾಟಕದ ಶಿಕ್ಷಣದ ಬಗ್ಗೆ ಎಲ್ಲಿ ವಿಚಾರ ಸಂಕಿರಣ ನಡೆದರೂ ಒಂದು ಮಾತು ತಪ್ಪದೆ ಬರುತ್ತದೆ: ‘ದುಡ್ಡಿಗೇನೂ ಬರವಿಲ್ಲ, ಖರ್ಚು ಮಾಡುವ ತಾಕತ್ತು ಅಲ್ಲಿಯವರಿಗಿಲ್ಲ.’ ಈಚೆಗೆ ಇದಕ್ಕೊಂದು ಜೋಡಿ ಮಾತು ಸೇರಿದೆ: ‘ಈಗ ಎಲ್ಲ ಆನ್‌ಲೈನ್, ಸೋರಿಕೆ ನಿಂತಿದೆ.’ ಎರಡನ್ನೂ ಆಡುವವರ ಮುಂದೆ ಸಾಮಾನ್ಯವಾಗಿ ಖರ್ಚಿನ ಶೇಕಡಾವಾರು ಪಟ್ಟಿ ಇರುತ್ತದೆ. ಶಾಲೆಯ ನಗದು ಪುಸ್ತಕ ಇರುವುದಿಲ್ಲ. ದೇವದುರ್ಗ, ಮಾನ್ವಿ, ರಾಯಚೂರಿನ ಶಾಲೆ, ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಮತ್ತು ಯೋಜನಾ ಕಚೇರಿಗಳಲ್ಲೇ ವೃತ್ತಿ ಕಳೆದ ನನ್ನಂಥವರಿಗೆ ಆ ಪಟ್ಟಿಯಲ್ಲಿ ಎರಡು ಕಾಲಂ ಕಡಿಮೆ ಕಾಣುತ್ತವೆ. ಹಣ ಬಂದದ್ದು ಯಾವ ತಿಂಗಳು? ಅದನ್ನು ಯಾವುದಕ್ಕೆ ಬಳಸಬೇಕೆಂದು ಠರಾವು ಮಾಡಿದವರು ಯಾರು? ಕೇಂದ್ರ ಅನುದಾನದ ಇತಿಹಾಸವನ್ನು ಈ ಎರಡು ಪ್ರಶ್ನೆಗಳ ಮೇಲೆ ಇನ್ನೊಮ್ಮೆ ಬರೆಯಬೇಕಿದೆ.

ಮೊದಲ ಘಟ್ಟವನ್ನು ಬೇಗ ದಾಟಬಹುದು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರಿಗೆ ಹಳೇ ಮೈಸೂರಿನಷ್ಟು ಶಾಲೆಗಳು ಬಳುವಳಿಯಾಗಿ ಬರಲಿಲ್ಲ. 1976ರ 42ನೇ ತಿದ್ದುಪಡಿ ಶಿಕ್ಷಣವನ್ನು ಸಮವರ್ತಿ ಪಟ್ಟಿಗೆ ಸೇರಿಸಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಬಂದ ಆಪರೇಷನ್ ಬ್ಲಾಕ್‌ಬೋರ್ಡ್ ಎರಡು ಕೋಣೆ, ಇಬ್ಬರು ಶಿಕ್ಷಕರು, ಒಂದಿಷ್ಟು ಕಲಿಕಾ ಸಾಮಗ್ರಿ ಎಂಬ ಕನಿಷ್ಠ ಮಟ್ಟವನ್ನು ಗೊತ್ತುಮಾಡಿತು. ಗಣಿತ-ವಿಜ್ಞಾನದ ಕಿಟ್ಟುಗಳು ಎಷ್ಟೋ ಕಡೆ ಮುಖ್ಯಗುರುಗಳ ಅಲಮಾರಿಯಲ್ಲಿ ಬೀಗದೊಳಗೇ ಉಳಿದವು, ಕಳೆದರೆ ಯಾರು ಹೊಣೆ ಎಂಬ ಅಂಜಿಕೆಯಿಂದ. ಯರಮರಸಿನ ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಆ ಕಾಲದ ನಿಲ್ಲುವಂಥ ಫಲ. ಆ ದಿನಗಳಲ್ಲಿ ಕೇಂದ್ರದಿಂದ ಶಾಲೆಗೆ ಬಂದದ್ದು ಸಾಮಾನು. ಹಣ ಬಂದದ್ದು ಆಮೇಲೆ.

ಆ ತಿರುವು 1994ರ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ನಮ್ಮೆಲ್ಲರ ಬಾಯಲ್ಲಿ ಡಿಪಿಇಪಿ. ಮಹಿಳಾ ಸಾಕ್ಷರತೆ ರಾಷ್ಟ್ರೀಯ ಸರಾಸರಿಗಿಂತ ಕೆಳಗಿದ್ದ ಜಿಲ್ಲೆಗಳನ್ನು ಹುಡುಕಿದಾಗ ಕರ್ನಾಟಕದ ಮೊದಲ ಹಂತದಲ್ಲಿ ಬೆಳಗಾವಿ, ಕೋಲಾರ, ಮಂಡ್ಯಗಳ ಜೊತೆ ರಾಯಚೂರು ನಿಂತಿತು. ಕೊಪ್ಪಳ ಆಗಿನ್ನೂ ನಮ್ಮ ಜಿಲ್ಲೆಯೊಳಗಿತ್ತು. ಶೇ 85ರಷ್ಟು ಕೇಂದ್ರದ ಪಾಲು, ಶೇ 15 ರಾಜ್ಯದ್ದು. ಕೇಂದ್ರದ ಪಾಲಿನ ಹಿಂದೆ ವಿಶ್ವಬ್ಯಾಂಕಿನ ಸಾಲ. ಒಂದು ಜಿಲ್ಲೆಗೆ ಗರಿಷ್ಠ 40 ಕೋಟಿ ರೂಪಾಯಿ. ಕಟ್ಟಡಕ್ಕೆ ಶೇ 24, ಆಡಳಿತಕ್ಕೆ ಶೇ 6 ಮೀರಬಾರದು. ಹಣ ಖಜಾನೆಯ ದಾರಿ ಹಿಡಿಯದೆ ನೋಂದಾಯಿತ ಸೊಸೈಟಿಯ ಮೂಲಕ ಬರುತ್ತಿತ್ತು. 1987ರಲ್ಲೇ ಜಿಲ್ಲಾ ಪರಿಷತ್ತುಗಳನ್ನು ಕಟ್ಟಿ ದೇಶಕ್ಕೆ ಮಾದರಿಯಾಗಿದ್ದ ರಾಜ್ಯದಲ್ಲಿ ಅವುಗಳ ಪಕ್ಕದಲ್ಲೇ ಇನ್ನೊಂದು ವ್ಯವಸ್ಥೆ ಎಬ್ಬಿಸಿದ್ದು ಸರಿಯಲ್ಲ ಎಂದವರಿದ್ದರು. ಸಾಲದ ದುಡ್ಡಿನಿಂದ ಅಕ್ಷರ ಕಲಿಸುವುದು ಬೇಡ ಎಂದವರೂ ಇದ್ದರು. ಎರಡು ಟೀಕೆಗಳಲ್ಲೂ ಹುರುಳಿತ್ತು. ಆದರೆ ಟೀಕಿಸಿದವರ ಪೈಕಿ ದೇವದುರ್ಗದ ದೊಡ್ಡಿಗಳೆಂಬ ಪುಟ್ಟ ವಸತಿಗಳವರೆಗೆ ಬಂದು ನೋಡಿದವರು ಕಡಿಮೆ.

ಬಂದಿದ್ದರೆ ಅವರಿಗೆ ಕಾಣುತ್ತಿದ್ದದ್ದು ಬಹಳ ಸಣ್ಣ ಮೊತ್ತ: ಶಾಲೆಗೆ ವರ್ಷಕ್ಕೆ 2,000 ರೂಪಾಯಿ, ಪ್ರತಿ ಶಿಕ್ಷಕರಿಗೆ 500 ರೂಪಾಯಿ. ಅಲ್ಲಿಯವರೆಗೆ ಸೀಮೆಸುಣ್ಣಕ್ಕೂ ಮೇಲಿನವರ ಮುಖ ನೋಡುತ್ತಿದ್ದ ಶಾಲೆಗೆ ತನ್ನದೇ ಬ್ಯಾಂಕ್ ಖಾತೆ ಬಂತು. ಗ್ರಾಮ ಶಿಕ್ಷಣ ಸಮಿತಿ ಕೂತು ಠರಾವು ಬರೆಯಬೇಕು, ಇಬ್ಬರು ಸಹಿ ಹಾಕಬೇಕು, ವೋಚರ್ ಅಂಟಿಸಬೇಕು, ಬಳಕೆ ಪ್ರಮಾಣಪತ್ರ ಬಿಆರ್‌ಸಿಗೆ ಮುಟ್ಟಿಸಬೇಕು. ಕೆಲವು ಸಮಿತಿಗಳ ಸಭೆ ಕಾಗದದ ಮೇಲಷ್ಟೇ ನಡೆದದ್ದು ನಿಜ. ಆದರೂ ಕೊಡ ಕೊಳ್ಳುವುದೋ, ಬಾಗಿಲು ರಿಪೇರಿಯೋ ಎಂದು ಊರಿನವರು ಶಾಲೆಯ ಹೆಸರಿನಲ್ಲಿ ಜಗಳವಾಡಿದ ಮೊದಲ ಕಾಲ ಅದು. ಅಂಥ ಜಗಳಕ್ಕೆ ಶೇಕಡಾವಾರು ಪಟ್ಟಿಯಲ್ಲಿ ಜಾಗವಿಲ್ಲ.

ಕಟ್ಟಡದ ಕೆಲಸದಲ್ಲೂ ಹೀಗೆಯೇ. ಗುತ್ತಿಗೆದಾರರಿಲ್ಲದೆ ಸಮಿತಿಯೇ ಕಟ್ಟಿಸಬೇಕೆಂಬುದು ನಿಯಮ. ಬೆಂಗಳೂರಿನಲ್ಲಿ ತಯಾರಾದ ಅಂದಾಜು ಪಟ್ಟಿಗೆ ಮಾನ್ವಿ ಭಾಗದ ಎರೆಮಣ್ಣು ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ನೆಲದಲ್ಲಿ ಪಾಯ ಆಳಕ್ಕೆ ಇಳಿಯಬೇಕು. ಕೋಣೆಯ ದರ ಮಾತ್ರ ಕೆಂಪು ಮಣ್ಣಿನ ಊರಿಗೂ ಎರೆ ಊರಿಗೂ ಒಂದೇ. ಸಮಿತಿಗಳು ಊರಿನ ಟ್ರ್ಯಾಕ್ಟರ್, ಊರಿನ ಕಲ್ಲು, ಊರಿನ ಆಳು ಸೇರಿಸಿ ಅಂತರ ತುಂಬಿಕೊಂಡವು. ಮುಂದೆ ಕೆಲಸ ನಿರ್ಮಿತಿ ಕೇಂದ್ರ, ಕೆಆರ್‌ಐಡಿಎಲ್‌ನಂಥ ಸಂಸ್ಥೆಗಳ ಕಡೆ ಹೊರಳಿದಾಗ ಕಾಗದ ಚೊಕ್ಕವಾಯಿತು, ಪಾಯದ ಆಳ ಅಳೆದು ನೋಡುವ ಊರವರು ದೂರವಾದರು.

ಡಿಪಿಇಪಿಯ ಇನ್ನೊಂದು ಕೊಡುಗೆ ಬಿಆರ್‌ಸಿ ಮತ್ತು ಅದರ ಕೆಳಗಿನ ಸಮೂಹ ಸಂಪನ್ಮೂಲ ಕೇಂದ್ರ, ಸಿಆರ್‌ಸಿ. ತಿಂಗಳ ಸಮಾಲೋಚನಾ ಸಭೆಯಲ್ಲಿ ಹತ್ತಾರು ಶಾಲೆಯ ಶಿಕ್ಷಕರು ಸೇರಿ ಪಾಠದ ಕಷ್ಟ ಹೇಳಿಕೊಳ್ಳುತ್ತಿದ್ದರು. ಅದೇ ಸಭೆಯಲ್ಲಿ ಲೆಕ್ಕ ಬರೆಯುವುದನ್ನೂ ಕಲಿತರು. ಹಿರಿಯ ಮುಖ್ಯಗುರುವೊಬ್ಬರು ಕಿರಿಯರ ಪಕ್ಕ ಕೂತು ಆರಂಭಿಕ ಶಿಲ್ಕು, ಅಂತಿಮ ಶಿಲ್ಕು ತಾಳೆ ಹಾಕಿಸುತ್ತಿದ್ದರು. ಇಂದು ಅದನ್ನು ‘ಸಾಮರ್ಥ್ಯವರ್ಧನೆ’ ಎಂದು ಕರೆದು ಸ್ಲೈಡು ತೋರಿಸುತ್ತಾರೆ. ಸಮೂಹ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳಂತೂ ಈಗ ಬಹುಪಾಲು ಮಾಹಿತಿ ಸಂಗ್ರಹಿಸುವವರಾಗಿ ಉಳಿದಿದ್ದಾರೆ.

2001 ಎರಡು ಕಾರಣಕ್ಕೆ ಮುಖ್ಯ. ರಾಜಾರಾಮಣ್ಣ ಕಾರ್ಯಪಡೆಯ ಶಿಫಾರಸಿನ ಮೇರೆಗೆ ಏಪ್ರಿಲ್‌ನಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ (ಎಸ್‌ಡಿಎಂಸಿ) ಆದೇಶ ಹೊರಟಿತು. ಪಾಲಕರೇ ಶಾಲೆಯ ಉಸ್ತುವಾರಿಗೆ ಬಂದರು. ಅದೇ ಹೊತ್ತಿಗೆ ಸರ್ವ ಶಿಕ್ಷಣ ಅಭಿಯಾನ ಶುರುವಾಯಿತು. ಕೇಂದ್ರದ ಪಾಲು 85ರಿಂದ 75ಕ್ಕೆ, ಆಮೇಲೆ 65ಕ್ಕೆ ಇಳಿಯುತ್ತ ಹೋಯಿತು. 2015ರಿಂದ 60 ಎಂದು ನಿಂತಿದೆ. 2004ರಲ್ಲಿ ಶೇ 2ರ ಶಿಕ್ಷಣ ಸೆಸ್ ಬಂತು. ಕಿರಿಯ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 7,000, ದುರಸ್ತಿಗೆ ಬೇರೆ, ಶಿಕ್ಷಕರ 500 ಹಾಗೇ. ಮೊತ್ತ ಹೆಚ್ಚಿತು, ಶೀರ್ಷಿಕೆಗಳೂ ಹೆಚ್ಚಿದವು. ಸುಣ್ಣಬಣ್ಣದ ಹಣದಲ್ಲಿ ನಲ್ಲಿ ಕೊಂಡರೆ ಆಡಿಟ್ ಆಕ್ಷೇಪಣೆ. ‘ಗ್ರ್ಯಾಂಟ್ ಬಂತೇನ್ರಿ ಸರ?’ ಎಂಬ ಪ್ರಶ್ನೆಯ ಬೆನ್ನಿಗೇ ‘ಯಾವ ಹೆಡ್ಡಿನಾಗ?’ ಎಂಬುದೂ ಸೇರಿಕೊಂಡಿತು.

ಈ ಕಾಲದ ದೊಡ್ಡ ಗಳಿಕೆ ಹೆಣ್ಣುಮಕ್ಕಳದು. 2004ರ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಿಗೆ ಬಂದವು. ಹತ್ತಿ ಹೊಲಕ್ಕೆ ಹೋಗುತ್ತಿದ್ದ, ಮದುವೆಗೆ ಗೊತ್ತಾಗಿದ್ದ ಹುಡುಗಿಯರಿಗೆ ಆರರಿಂದ ಎಂಟನೇ ತರಗತಿಯವರೆಗೆ ಊಟ, ಹಾಸಿಗೆ, ಪಾಠ. ರಾಜ್ಯದಲ್ಲಿ ಇವುಗಳಲ್ಲಿ ಕೆಲವನ್ನು ಮಹಿಳಾ ಸಮಖ್ಯಾ ನಡೆಸಿದ ರೀತಿ ನೋಡಿದವರಿಗೆ, ಅದೇ ಅನುದಾನದಲ್ಲಿ ಶಾಲೆಯನ್ನು ಬರೀ ಹಾಸ್ಟೆಲ್ಲಿನಂತೆ ನಡೆಸಿದ್ದಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯುತ್ತದೆ. ಆದರ್ಶ ವಿದ್ಯಾಲಯಗಳ ಕಥೆ ಬೇರೆ. ಕೇಂದ್ರದ ಯೋಜನೆಯಾಗಿ ಹುಟ್ಟಿದವು. 2015ರಲ್ಲಿ ಕೇಂದ್ರ ಕೈಬಿಟ್ಟಿತು. ರಾಜ್ಯವೇ ನಡೆಸಿಕೊಂಡು ಬಂದಿದೆ. ಯೋಜನೆ ಮುಗಿದ ಮೇಲೆ ಶಾಲೆ ಯಾರದು ಎಂಬ ಪ್ರಶ್ನೆಯನ್ನು ಅನುದಾನದ ಮಾರ್ಗಸೂಚಿಗಳು ಎಂದೂ ಎತ್ತಿಕೊಂಡಿಲ್ಲ.

2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಂ ಈ ಇತಿಹಾಸದಲ್ಲಿ ಅತ್ಯಂತ ಕಡಿಮೆ ಓದಿದ ಪುಟ. ಶಾಲಾ ಸಮಿತಿ ಶಾಲಾಭಿವೃದ್ಧಿ ಯೋಜನೆ ಸಿದ್ಧಪಡಿಸಬೇಕು. ಸರ್ಕಾರದ ಯೋಜನೆಗೂ ಅನುದಾನಕ್ಕೂ ಅದೇ ಆಧಾರವಾಗಬೇಕು ಎನ್ನುತ್ತದೆ ಅದು. ನಡೆಯುವುದು ತಿರುವುಮುರುವು. ಅಂಕಿ ಸಂಖ್ಯೆ ಶಾಲಾ ಮಾಹಿತಿಯ ಯುಡೈಸ್ ದತ್ತಾಂಶದಿಂದ ಮೇಲೇರುತ್ತದೆ, ವಾರ್ಷಿಕ ಯೋಜನೆ ಬೆಂಗಳೂರಿನಲ್ಲಿ ಕೂಡುತ್ತದೆ, ದೆಹಲಿಯ ಅನುಮೋದನಾ ಮಂಡಳಿ ಕತ್ತರಿಸುತ್ತದೆ, ಉಳಿದದ್ದು ಕೆಳಗಿಳಿಯುತ್ತದೆ. ಶಾಲೆಯ ಯೋಜನೆ ಫೈಲಿನಲ್ಲಿರುತ್ತದೆ, ತಪಾಸಣೆಗೆ ಬಂದವರಿಗೆ ತೋರಿಸಲು.

2014ರ ಏಪ್ರಿಲ್‌ನಿಂದ ಕೇಂದ್ರದ ಹಣ ಸೊಸೈಟಿಗೆ ನೇರ ಬರುವುದು ನಿಂತು ರಾಜ್ಯದ ಖಜಾನೆಯ ಮೂಲಕ ಬರತೊಡಗಿತು. ಶಾಸನಸಭೆಯ ಲೆಕ್ಕಕ್ಕೆ ಒಳಪಡುವುದು ತಾತ್ವಿಕವಾಗಿ ಸರಿ. ಶಾಲೆಯ ಕಡೆಯಿಂದ ನೋಡಿದರೆ ದಾರಿಯಲ್ಲಿ ಇನ್ನೊಂದು ಮೇಜು. 2018ರಲ್ಲಿ ಸರ್ವ ಶಿಕ್ಷಣ, ಮಾಧ್ಯಮಿಕ ಶಿಕ್ಷಣ, ಶಿಕ್ಷಕರ ಶಿಕ್ಷಣ ಮೂರೂ ಸೇರಿ ಸಮಗ್ರ ಶಿಕ್ಷಣವಾಯಿತು. ಬಿಡಿ ಶೀರ್ಷಿಕೆಗಳು ಕೂಡಿ ಸಂಯುಕ್ತ ಶಾಲಾ ಅನುದಾನವಾಯಿತು. ಇದು ಒಳ್ಳೆಯ ಹೆಜ್ಜೆ. ಆದರೆ ಮೊತ್ತ ಮಕ್ಕಳ ಸಂಖ್ಯೆಗೆ ಕಟ್ಟಿದ್ದು: 30ರವರೆಗೆ 10,000, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದರಾಚೆ ಒಂದು ಲಕ್ಷ. ಅದರಲ್ಲಿ ಹತ್ತನೇ ಒಂದು ಪಾಲು ಸ್ವಚ್ಛತೆಗೆ ಮೀಸಲು. ದೇವದುರ್ಗದ ದೊಡ್ಡಿ, ತಾಂಡಾಗಳ ಶಾಲೆಯಲ್ಲಿ 28 ಮಕ್ಕಳಿದ್ದರೂ ವಿದ್ಯುತ್ ಬಿಲ್ಲು, ಶೌಚಾಲಯ, ರಿಜಿಸ್ಟರು, ಬೀಗ ಯಾವುದೂ ತಪ್ಪದು. ಮೂವರು ಹೆಚ್ಚಿದ್ದರೆ 15,000 ಹೆಚ್ಚು. ಇತ್ತ ರಾಯಚೂರು ನಗರದಲ್ಲಿ 260 ಮಕ್ಕಳ ಶಾಲೆಗೂ 900 ಮಕ್ಕಳ ಶಾಲೆಗೂ ಒಂದೇ 75,000. ದುಡಿಯಲು ಹೊರಗೆ ಹೋಗುವ ಕುಟುಂಬಗಳ ತಾಲ್ಲೂಕಿನಲ್ಲಿ ಒಂದು ದಿನದ ಎಣಿಕೆ ಇಡೀ ವರ್ಷದ ಹಣವನ್ನು ಗೊತ್ತುಮಾಡುವುದು ನ್ಯಾಯವಲ್ಲ.

2021ರ ಜುಲೈನಿಂದ ಏಕ ನೋಡಲ್ ಏಜೆನ್ಸಿ ಪದ್ಧತಿ. ರಾಜ್ಯಕ್ಕೊಂದೇ ಖಾತೆ; ಕೆಳಗಿನವರದು ಝೀರೋ ಬ್ಯಾಲೆನ್ಸ್ ಖಾತೆ, ಖರ್ಚಿಗೊಂದು ಮಿತಿ, ಕೇಂದ್ರದ ಆನ್‌ಲೈನ್ ಹಣಕಾಸು ವ್ಯವಸ್ಥೆ ಪಿಎಫ್‌ಎಂಎಸ್‌ನಲ್ಲಿ ಪಾವತಿ. ದೇಶದ ಯಾವ ಖಾತೆಯಲ್ಲಿ ಎಷ್ಟು ಹಣ ಸುಮ್ಮನೆ ಕೂತಿದೆ ಎಂಬುದು ಈಗ ದೆಹಲಿಗೆ ಗೊತ್ತು, ಅದು ಸಣ್ಣ ಸಾಧನೆಯಲ್ಲ. ಬೆಲೆ ಇಷ್ಟೇ: ಶಾಲೆಯ ಕೈಯಲ್ಲಿ ಶಿಲ್ಕು ಎಂಬುದೇ ಉಳಿಯಲಿಲ್ಲ. ಮಿತಿ ತೆರೆಯುವುದು ಫೆಬ್ರುವರಿ-ಮಾರ್ಚ್‌ಗೆ ಜಾರಿದರೆ ಪರೀಕ್ಷೆ, ಜಿಎಸ್‌ಟಿ ಬಿಲ್ಲು, ಸರ್ವರ್ ಮೂರನ್ನೂ ಮುಖ್ಯಗುರು ಒಟ್ಟಿಗೆ ಎದುರಿಸಬೇಕು. ಖರ್ಚಾಗದೆ ಉಳಿದದ್ದು ವಾಪಸು. ಮುಂದಿನ ಸಂಕಿರಣದಲ್ಲಿ ಅದೇ ‘ತಾಕತ್ತಿಲ್ಲದ’ ಸಾಕ್ಷಿ.

2018ರಲ್ಲಿ ಯಾದಗಿರಿಯ ಜೊತೆ ರಾಯಚೂರು ಕೇಂದ್ರದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಗೆ ಸೇರಿತು. ಜಿಲ್ಲೆಗಳಿಗೆ ಕೊಡುವ ಅಂಕಗಳಲ್ಲಿ ಶಿಕ್ಷಣಕ್ಕೆ ಶೇ 30ರ ತೂಕ. 2022ರಿಂದ ಪಿಎಂ ಶ್ರೀ ಶಾಲೆಗಳು ಸ್ಪರ್ಧೆಯಿಂದ ಆಯ್ಕೆಯಾಗುತ್ತಿವೆ. ಎರಡರಲ್ಲೂ ಒಳಿತಿದೆ. ಆದರೆ ಅರ್ಜಿ ಚೆನ್ನಾಗಿ ತುಂಬಬಲ್ಲ ಶಾಲೆಗೆ ಹಣ, ತುಂಬಲಾರದ ಶಾಲೆಗೆ ಸಹಾನುಭೂತಿ ಎಂಬ ಹಾದಿ ಡಿಪಿಇಪಿ ಹಿಡಿದ ಹಾದಿಗೆ ತದ್ವಿರುದ್ಧ. ಅಂದು ಹಿಂದುಳಿದಿರುವುದೇ ಅರ್ಹತೆಯಾಗಿತ್ತು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 59.56, ರಾಜ್ಯದಲ್ಲಿ ಕೊನೆಯಿಂದ ಎರಡನೆಯದು. ಆ ಅರ್ಹತೆ ನಮಗಿನ್ನೂ ಉಳಿದಿದೆ.

ಈ ಕ್ಷೇತ್ರದ ಬರಹಗಳಲ್ಲಿ ಕಾಣದ ಮೂರು ಸಂಗತಿಗಳಿವೆ. ಒಂದು, ಹಣ ಬಿಡುಗಡೆಯ ದಿನಾಂಕ. ಅಕೌಂಟಬಿಲಿಟಿ ಇನಿಷಿಯೇಟಿವ್‌ನ ‘ಪೈಸಾ’ ಸಮೀಕ್ಷೆಗಳು 2009ರಿಂದ ಈ ಕೆಲಸಕ್ಕೆ ಕೈ ಹಾಕಿದವು. ನಮ್ಮ ಭಾಗದಲ್ಲಿ ಅದನ್ನು ಹಳ್ಳಿ ಹಳ್ಳಿಗೆ ಒಯ್ದು ಮುಂದುವರಿಸುವವರು ಬೇಕು. ಎರಡು, ಲೆಕ್ಕ ಬರೆಯುವವರು. ಗುಮಾಸ್ತರಿಲ್ಲದ ಪ್ರಾಥಮಿಕ ಶಾಲೆಯಲ್ಲಿ ಪಾಠ ಬಿಟ್ಟು ಲೆಕ್ಕ ಬರೆದವರ ಗಂಟೆಗಳನ್ನು ಯಾವ ಯೋಜನೆಯೂ ವೆಚ್ಚವೆಂದು ಹಿಡಿದಿಲ್ಲ. ಮೂರು, ವಲಸೆಯ ಕ್ಯಾಲೆಂಡರು. ಸುಗ್ಗಿ ಮುಗಿಸಿ ಬೆಂಗಳೂರು, ಪುಣೆಗೆ ಹೊರಡುವ ಕುಟುಂಬದ ಮಕ್ಕಳಿಗೆ ಋತುಮಾನ ವಸತಿ ಕೇಂದ್ರ ತೆರೆಯಬೇಕಾದದ್ದು ಗಾಡಿ ಹೊರಡುವ ಮುಂಚೆ. ಹಣಕಾಸು ವರ್ಷಕ್ಕೆ ಆ ದಿನ ಗೊತ್ತಿಲ್ಲ.

ದುಬಾರಿ ಪರಿಹಾರವನ್ನೇನೂ ಇವು ಕೇಳುವುದಿಲ್ಲ. ಸಂಯುಕ್ತ ಅನುದಾನದ ಅರ್ಧವನ್ನು ಜೂನ್‌ನಲ್ಲೇ ಬಿಡುಗಡೆ ಮಾಡುವುದು, ಅದರ ಬಳಕೆಯನ್ನು ಎಸ್‌ಡಿಎಂಸಿ ಠರಾವಿಗೆ ಬಿಡುವುದು, ಸಣ್ಣ ಶಾಲೆಗೆ ಮಕ್ಕಳ ಸಂಖ್ಯೆ ನೋಡದೆ ಒಂದು ಕನಿಷ್ಠ ಮೊತ್ತ ಕೊಡುವುದು: ಇಷ್ಟಕ್ಕೂ 22ನೇ ಕಲಮಿನಲ್ಲಿ ಆಗಲೇ ಅವಕಾಶವಿದೆ. 2,000 ರೂಪಾಯಿಯನ್ನು ನಂಬಿ ಊರಿಗೆ ಕೊಟ್ಟಿದ್ದ ವ್ಯವಸ್ಥೆಗೆ 25,000ವನ್ನು ನಂಬಿ ಕೊಡಲು ಏನು ಅಡ್ಡಿಯಾಗಿದೆ ಎಂಬುದಕ್ಕೆ, ಖರ್ಚು ಮಾಡುವ ತಾಕತ್ತಿನ ಬಗ್ಗೆ ಮಾತಾಡುವವರು ಮೊದಲು ಉತ್ತರ ಕೊಡಲಿ.