ತೂಕದ ಗೆರೆ ಯಾವ ಕಡೆ ಹೋಗಬೇಕು? ಫಿಟ್‌ನೆಸ್ ಆ್ಯಪ್‌ಗಳಲ್ಲಿ ಪ್ರಗತಿಯ ಅಳತೆ ಮತ್ತು ದೇಹಗೌರವ

2017ರ ಅಕ್ಟೋಬರಿನಲ್ಲಿ ಗೂಗಲ್ ಮ್ಯಾಪ್ಸ್ ಐಫೋನ್ ಬಳಕೆದಾರರಲ್ಲಿ ಕೆಲವರಿಗೆ ಹೊಸದೊಂದು ಲೆಕ್ಕ ತೋರಿಸತೊಡಗಿತು. ನಡೆದು ಹೋಗುವ ದಾರಿ ಕೇಳಿದರೆ, ಆ ನಡಿಗೆಗೆ ಎಷ್ಟು ಕ್ಯಾಲೊರಿ ಖರ್ಚಾಗುತ್ತದೆ, ಅದು ಎಷ್ಟು ಪುಟ್ಟ ಕಪ್‌ಕೇಕ್‌ಗಳಿಗೆ ಸಮ ಎಂಬುದೂ ಜೊತೆಗೆ ಬರುತ್ತಿತ್ತು. ತಿನ್ನುವುದೇ ಒಂದು ಮಾನಸಿಕ ಯಾತನೆಯಾಗಿರುವವರಿಗೆ ಇಂಥ ಲೆಕ್ಕ ಎಷ್ಟು ಅಪಾಯಕಾರಿ ಎಂಬ ಟೀಕೆ ಎದ್ದ ಕೂಡಲೇ ಕಂಪನಿ ಅದನ್ನು ತೆಗೆದುಹಾಕಿತು. ಗ್ರಂಥಾಲಯಕ್ಕೆ ದಾರಿ ಕೇಳಿದವರ ಹೊಟ್ಟೆಯ ವಿಚಾರ ಯಾರೂ ಕೇಳಿರಲಿಲ್ಲ ಎಂಬುದು ಪರೀಕ್ಷೆಗೆ ಬಿಡುವ ಮುನ್ನ ಯಾರಿಗೂ ಹೊಳೆಯಲಿಲ್ಲವೆ ಎಂಬ ಸೋಜಿಗ ಮಾತ್ರ ಉಳಿಯುತ್ತದೆ.

ಇಂಥ ಟೀಕೆಗಳಿಗೆ ವಿನ್ಯಾಸಕಾರರು ಸಾಮಾನ್ಯವಾಗಿ ಎರಡು ಉತ್ತರ ಕೊಡುತ್ತಾರೆ: ಅಂಕಿಗಳನ್ನು ಮರೆಮಾಡುವುದು, ಇಲ್ಲವೇ ಗದರಿಕೆಯ ಜಾಗದಲ್ಲಿ ಹೊಗಳಿಕೆ ತುಂಬುವುದು. ಎರಡೂ ಅರೆಬರೆ ಎಂದು ನನ್ನ ಅಭಿಪ್ರಾಯ. ಯಾವುದನ್ನು ಅಳೆಯಬೇಕು, ಏತಕ್ಕಾಗಿ ಅಳೆಯಬೇಕು, ಗೆರೆ ಯಾವ ಕಡೆ ಹೋದರೆ ಒಳಿತು ಎಂಬ ತೀರ್ಮಾನವನ್ನು ಆ್ಯಪ್ ಮೊದಲೇ ಮಾಡಿಟ್ಟಿರುತ್ತದೆ. ದೇಹಗೌರವದ ವಿನ್ಯಾಸ ಕೈಹಾಕಬೇಕಾದದ್ದು ಆ ತೀರ್ಮಾನಕ್ಕೆ.

ತೂಕ ಆರೋಗ್ಯದ ಅಳತೆಗೋಲಿನ ಪಟ್ಟಕ್ಕೆ ಏರಿದ್ದರ ಹಿಂದೆ ಒಂದು ವಿಚಿತ್ರ ಇತಿಹಾಸವಿದೆ. ಬೆಲ್ಜಿಯಂನ ಖಗೋಳಜ್ಞ, ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟಲೆ 1830ರ ದಶಕದಲ್ಲಿ ವಯಸ್ಕರ ತೂಕ ಹೆಚ್ಚುಕಡಿಮೆ ಎತ್ತರದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆಂದು ಗುರುತಿಸಿದ್ದು ‘ಸರಾಸರಿ ಮನುಷ್ಯ’ನನ್ನು ವಿವರಿಸಲು, ಒಬ್ಬೊಬ್ಬರ ಆರೋಗ್ಯವನ್ನು ತೂಗಿ ನೋಡಲು ಅಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಆ ಲೆಕ್ಕಕ್ಕೆ ಬಿಎಂಐ ಎಂಬ ಹೆಸರು ಕೊಟ್ಟಾಗಲೂ ಅವರ ಮುಂದೆ ಇದ್ದದ್ದು ಜನಸಮೂಹಗಳ ಅಧ್ಯಯನವೇ. ಭಾರತೀಯರ ಮಟ್ಟಿಗೆ ಈ ಅಳತೆ ಹೇಗೆ ತಪ್ಪುತ್ತದೆ ಎಂಬುದನ್ನು ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಮೈಯನ್ನು ಮುಂದಿಟ್ಟು ತೋರಿಸಿದರು. ಇಬ್ಬರ ಬಿಎಂಐ 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯೊಂದು ಏಷ್ಯಾದವರಿಗೆ 23ರಿಂದಲೇ ಎಚ್ಚರಿಕೆ ಬೇಕೆಂದಿತು.

ಯಾಜ್ಞಿಕ್–ಯುಡ್ಕಿನ್ ಜೋಡಿಯ ಈ ಉದಾಹರಣೆಯನ್ನು ದೇಹಗೌರವದ ಪಕ್ಷದವರು ಅವಸರದಿಂದ ತಮ್ಮ ಕಡೆಗೆ ಎಳೆದುಕೊಳ್ಳಬಾರದು. ತೂಕ ಸರಿಯಿದ್ದ ಮಾತ್ರಕ್ಕೆ ಆರೋಗ್ಯ ಸರಿಯಿದೆ ಎನ್ನಲಾಗದು ಎಂಬ ಮಾತು ಸಣಕಲು ಮೈಯವರಿಗೂ ಎಚ್ಚರಿಕೆಯೇ. ಇನ್ನೊಂದು ಕಡೆಯಿಂದ ನೋಡಿದರೆ, 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 24ರಷ್ಟು ಅಧಿಕ ತೂಕದವರಾದರೆ, ಶೇ. 18.7ರಷ್ಟು ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು. ತೂಕ ಇಳಿದಾಗಲೆಲ್ಲ ಹಸಿರು ಬಾಣ ತೋರಿಸುವ ಆ್ಯಪ್ ಈ ಎರಡನೆಯ ಗುಂಪಿನವಳಿಗೆ ಏನು ಹೇಳುತ್ತಿದೆ? “ಯಾಕಿಷ್ಟು ಇಳಿದುಹೋಗಿದ್ದೀಯ?” ಎಂದು ಮದುವೆ ಮನೆಯಲ್ಲಿ ಕೇಳಿಸಿಕೊಂಡು ಬಂದವಳಿಗೆ ಫೋನು ಶಭಾಷ್ ಎನ್ನುತ್ತದೆ.

ದಿನದಿನದ ತೂಕದಲ್ಲಿ ಸುದ್ದಿಗಿಂತ ಗದ್ದಲವೇ ಹೆಚ್ಚು. ಸ್ನಾಯುಗಳಲ್ಲಿ ಶೇಖರವಾಗುವ ಗ್ಲೈಕೊಜೆನ್ ತನ್ನ ತೂಕದ ಸುಮಾರು 3 ಪಟ್ಟು ನೀರನ್ನು ಹಿಡಿದಿಡುತ್ತದೆ. ಉಪ್ಪು ಹೆಚ್ಚಾದ ಊಟ, ಮುಟ್ಟಿನ ದಿನಗಳು, ಮಲಬದ್ಧತೆ ಎಲ್ಲವೂ ಮುಳ್ಳನ್ನು ಅಲುಗಿಸುತ್ತವೆ. ಇಂದು ಬೆಳಿಗ್ಗೆಗೂ ನಾಳೆ ಬೆಳಿಗ್ಗೆಗೂ ಒಂದು ಕಿಲೊ ವ್ಯತ್ಯಾಸ ಬಂದರೆ ಅದರಲ್ಲಿ ಕೊಬ್ಬಿನ ಪಾಲು ಅತ್ಯಲ್ಪ. ಹಾಗಿದ್ದೂ ಬಿಂದುವಿನಿಂದ ಬಿಂದುವಿಗೆ ಗೆರೆ ಎಳೆದಾಗ ನೋಡುವವರ ಮನಸ್ಸು ಅದಕ್ಕೊಂದು ಕಾರಣ ಹುಡುಕುತ್ತದೆ, ಬಹುಮಟ್ಟಿಗೆ ಆ ಕಾರಣ ತಾನೇ ಎಂದುಕೊಳ್ಳುತ್ತದೆ. ಗೆರೆಯ ಬದಲು ಕೆಲವು ವಾರಗಳ ಏರಿಳಿತವನ್ನೆಲ್ಲ ಒಳಗೊಂಡ ಅಗಲವಾದ ಪಟ್ಟಿಯನ್ನು ತೋರಿಸುವುದು ಮೃದುತ್ವದ ಮಾತಲ್ಲ, ಸಂಖ್ಯಾಶಾಸ್ತ್ರದ ಪ್ರಾಮಾಣಿಕತೆ.

ಹಾನಿಯ ಪುರಾವೆ ಎಷ್ಟಿದೆ? ಷೆರಿ ಲೆವಿನ್ಸನ್ ಮತ್ತು ಸಹಲೇಖಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಹಾರ ಸೇವನೆಯ ಕಾಯಿಲೆ ಇದೆಯೆಂದು ವೈದ್ಯಕೀಯವಾಗಿ ಗುರುತಿಸಲ್ಪಟ್ಟ 105 ಮಂದಿ ಇದ್ದರು. ಅವರಲ್ಲಿ ಸುಮಾರು ಮುಕ್ಕಾಲು ಭಾಗ ಜನ ಕ್ಯಾಲೊರಿ ಲೆಕ್ಕವಿಡುವ ಮೈಫಿಟ್‌ನೆಸ್‌ಪಾಲ್ ಆ್ಯಪ್ ಬಳಸಿದ್ದರು, ಬಳಸಿದವರಲ್ಲಿ ಶೇ. 73ರಷ್ಟು ಮಂದಿ ತಮ್ಮ ಕಾಯಿಲೆಗೆ ಅದೂ ಕಾರಣವಾಯಿತೆಂದು ಭಾವಿಸಿದ್ದರು. ಭಾವಿಸಿದ್ದರು ಎಂಬ ಕ್ರಿಯಾಪದವನ್ನು ಇಲ್ಲಿ ಕೈಬಿಡುವಂತಿಲ್ಲ, ಏಕೆಂದರೆ ಕಾಯಿಲೆ ಇದ್ದುದರಿಂದ ಆ್ಯಪ್ ಹಿಡಿದರೋ, ಆ್ಯಪ್ ಹಿಡಿದು ಕಾಯಿಲೆ ಬಲಿಯಿತೋ ಎಂಬುದು ಇಂಥ ಸಮೀಕ್ಷೆಯಿಂದ ಬಗೆಹರಿಯದು. ಲಾಭದ ಕಡೆಯ ಪುರಾವೆಯೂ ಅಷ್ಟೇನೂ ಗಟ್ಟಿಯಲ್ಲ. 2016ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಯೋಗವೊಂದರಲ್ಲಿ 471 ಯುವಜನರಿದ್ದರು, ಎಲ್ಲರಿಗೂ ಆಹಾರ–ವ್ಯಾಯಾಮದ ಸಲಹೆ ಸಿಕ್ಕಿತ್ತು. 24 ತಿಂಗಳ ಕೊನೆಗೆ, ಅದರ ಮೇಲೆ ಚಲನೆ ಅಳೆಯುವ ಸಾಧನವನ್ನೂ ಧರಿಸಿದವರು ಸರಾಸರಿ 3.5 ಕಿಲೊ ಇಳಿದಿದ್ದರು, ಸಾಧನವಿಲ್ಲದವರು 5.9 ಕಿಲೊ. ಅದೇ ವರ್ಷ ಜೋರ್ಡನ್ ಎಟ್ಕಿನ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಳೆದಾಗ ಜನ ಮಾಡುವ ಕೆಲಸದ ಪ್ರಮಾಣ ಹೆಚ್ಚಿತಾದರೂ ಅದರ ಖುಷಿ ಕುಗ್ಗಿತು.

ಇಷ್ಟಾದರೂ ತೂಕದ ಅಂಕಿಯನ್ನೇ ಕಿತ್ತುಹಾಕಿ ಎನ್ನಲು ನಾನು ಸಿದ್ಧನಿಲ್ಲ. ಹೃದಯ ವೈಫಲ್ಯದ ರೋಗಿಗೆ ವೈದ್ಯರು ದಿನವೂ ತೂಕ ನೋಡಿಕೊಳ್ಳಲು ಹೇಳುತ್ತಾರೆ. ಎರಡು ಮೂರು ದಿನದಲ್ಲಿ ಸುಮಾರು 2 ಕಿಲೊ ಏರಿದರೆ ಮೈಯಲ್ಲಿ ನೀರು ತುಂಬುತ್ತಿದೆ ಎಂದು ಅರ್ಥ, ತಡಮಾಡದೆ ತಿಳಿಸಬೇಕು. ಇಲ್ಲಿ ಅದೇ ಅಂಕಿ ಜೀವ ಉಳಿಸುತ್ತದೆ, ಯಾರ ರೂಪವನ್ನೂ ಅಳೆಯುವುದಿಲ್ಲ. ಆದ್ದರಿಂದ ಆ್ಯಪ್ ಶುರುವಿನಲ್ಲೇ ಎತ್ತರ, ತೂಕ, ‘ಗುರಿ ತೂಕ’ ಕೇಳುವುದನ್ನು ಬಿಟ್ಟು, ಯಾವುದಕ್ಕಾಗಿ ಬಂದಿದ್ದೀರಿ ಎಂದು ಕೇಳಲಿ. ಉತ್ತರಕ್ಕೆ ತೂಕ ಬೇಕಾದರೆ ಆಗ ಆ ಪುಟ ತೆರೆಯಲಿ.

ತೂಕ ಬಿಟ್ಟರೆ ಅಳೆಯಲು ಬೇಕಾದಷ್ಟಿದೆ. ನೆದರ್ಲೆಂಡ್ಸ್‌ನ ಜೆಸಿಕಾ ಅಲೆವಾ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ದೇಹ ಏನೆಲ್ಲ ಮಾಡಬಲ್ಲದು ಎಂದು ಬರೆದ ಯುವತಿಯರಿಗೆ ತಮ್ಮ ಮೈಯ ಬಗೆಗಿದ್ದ ಅಸಮಾಧಾನ ತಗ್ಗಿತ್ತು. 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಲ್ಲಿರಿ ಎಂಬ ಪರೀಕ್ಷೆ, ಶ್ರಮ ಎಷ್ಟೆನಿಸಿತು ಎಂದು 6ರಿಂದ 20ರೊಳಗೆ ಹೇಳುವ ಗುನ್ನಾರ್ ಬೋರ್ಗ್ ಅವರ ಮಾಪಕ, ಇವುಗಳಿಗೆ ಯಂತ್ರವೂ ಬೇಡ. ನಮ್ಮ ಗರಡಿಮನೆಗಳಲ್ಲಿ ಎಣಿಸುತ್ತಿದ್ದದ್ದು ದಂಡ, ಬಸ್ಕಿ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತಿದವನನ್ನು ಯಾರೂ ತಕ್ಕಡಿಗೆ ಹತ್ತಿಸುವುದಿಲ್ಲ. ಆದರೆ ಗರಡಿಯನ್ನು ಆದರ್ಶವಾಗಿ ಮೆರೆಸಲು ಹೋದರೆ ಬೇರೆ ತೊಡಕಿದೆ: ಅದು ಗಂಡಸರ ಜಾಗವಾಗಿತ್ತು, ಸಾಮರ್ಥ್ಯದ ಪೈಪೋಟಿಯೂ ಸೋತವರನ್ನು ಕುಗ್ಗಿಸಬಲ್ಲದು. ಸಂಧಿವಾತವಿರುವ ಎಪ್ಪತ್ತರ ಅಜ್ಜಿಗೆ ಕಳೆದ ವರ್ಷದಷ್ಟೇ ಮೆಟ್ಟಿಲು ಹತ್ತುವುದೇ ದೊಡ್ಡ ಸಾಧನೆ. ಏರುವ ಗೆರೆಯೊಂದನ್ನೇ ಪ್ರಗತಿ ಎಂದು ಬಗೆದ ಆ್ಯಪಿನಲ್ಲಿ ಅವರಿಗೆ ಪದಕವಿಲ್ಲ.

ಗುರಿಗಳ ಮೂಲವನ್ನೂ ಒಮ್ಮೆ ಕೆದಕಬೇಕು. ದಿನಕ್ಕೆ 10,000 ಹೆಜ್ಜೆ ಎಂಬುದು 1965ರಲ್ಲಿ ಜಪಾನಿನ ಯಮಾಸಾ ಕಂಪನಿ ತನ್ನ ಹೆಜ್ಜೆಮಾಪಕಕ್ಕೆ ಇಟ್ಟ ಹೆಸರಿನಿಂದ ಬಂದದ್ದು. ಐ-ಮಿನ್ ಲೀ ತಂಡ 2019ರಲ್ಲಿ ಸರಾಸರಿ 72 ವಯಸ್ಸಿನ ಮಹಿಳೆಯರನ್ನು ಅಧ್ಯಯನ ಮಾಡಿದಾಗ, ಸಾವಿನ ಅಪಾಯ ಸುಮಾರು 7,500 ಹೆಜ್ಜೆಯವರೆಗೆ ತಗ್ಗುತ್ತ ಹೋಗಿ ಅಲ್ಲಿಗೆ ನಿಂತಿತ್ತು. ಒಂದು ದಿನವೂ ಬಿಡದೆ ಗುರಿ ಮುಟ್ಟುವ ಸರಣಿ ಕಾಯ್ದುಕೊಳ್ಳಬೇಕೆಂಬ ಒತ್ತಡ ಇನ್ನೂ ಕಠಿಣ. 2015ರಲ್ಲಿ ಮಾರುಕಟ್ಟೆಗೆ ಬಂದ ಆ್ಯಪಲ್ ವಾಚ್ ದಿನದ ಚಲನೆಯ ಗುರಿ ತೋರಿಸುವ ತನ್ನ ಬಳೆಗಳನ್ನು ಜ್ವರ ಬಂದಾಗ ತಡೆಹಿಡಿಯುವ ಅವಕಾಶ ಕೊಟ್ಟದ್ದು 2024ರಲ್ಲಿ! ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ. ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ಇರಬೇಕೆಂಬ ಹಳೆಯ ಷರತ್ತನ್ನೂ ಅದು ಕೈಬಿಟ್ಟಿದೆ. ವಾರವನ್ನು ಘಟಕವಾಗಿ ಇಟ್ಟುಕೊಂಡರೆ ಹಬ್ಬದ ದಿನ, ಮುಟ್ಟಿನ ದಿನ, ಪಾಳಿ ಕೆಲಸದ ದಿನ ಯಾವುದೂ ಸೋಲಾಗುವುದಿಲ್ಲ.

ಇಂಥ ವಿನ್ಯಾಸ ಗೆದ್ದಿತೇ ಎಂದು ತಿಳಿಯುವುದು ಹೇಗೆ ಎಂಬಲ್ಲಿ ಉದ್ಯಮಕ್ಕೂ ಸಂಶೋಧನೆಗೂ ದಾರಿ ಬೇರೆಯಾಗುತ್ತದೆ. ಆ್ಯಪನ್ನು ದಿನಕ್ಕೆ ಎಷ್ಟು ಜನ ತೆರೆದರು, ಎಷ್ಟು ಮಂದಿ ಚಂದಾ ಮುಂದುವರಿಸಿದರು ಎಂಬುದು ಕಂಪನಿಯ ಲೆಕ್ಕ. ಆ ಲೆಕ್ಕದಲ್ಲಿ, ನಡಿಗೆ ರೂಢಿಯಾಗಿ ಆ್ಯಪ್ ಬೇಡವೆನಿಸಿ ಬಿಟ್ಟವಳೂ, ನಾಚಿಕೆಯಿಂದ ಬೇಸತ್ತು ಅಳಿಸಿಹಾಕಿದವಳೂ ಒಂದೇ ಸಾಲಿನ ನಷ್ಟ. ಸಂಶೋಧನೆಯ ದಾರಿಯಲ್ಲಾದರೆ, ಟ್ರೇಸಿ ಟೈಲ್ಕಾ ಮತ್ತು ನಿಕೋಲ್ ವುಡ್-ಬಾರ್ಕಲೋ 2015ರಲ್ಲಿ ಪರಿಷ್ಕರಿಸಿದ ದೇಹ ಮೆಚ್ಚುಗೆಯ ಪ್ರಶ್ನಾವಳಿಯನ್ನು ವಾರದ ಚಲನೆಯ ನಿಮಿಷಗಳ ಜೊತೆಗೆ ಇಟ್ಟು ನೋಡಬೇಕು. ಆ ಪ್ರಶ್ನಾವಳಿಯನ್ನು ಕನ್ನಡದ ಓದುಗರಲ್ಲಿ ಪರೀಕ್ಷಿಸಿಯೇ ಬಳಸಬೇಕು. ಆ್ಯಪ್ ಬಿಟ್ಟವರಿಗೆ ಆರು ತಿಂಗಳ ನಂತರ ಫೋನು ಮಾಡಿ, ಈಗಲೂ ನಡೆಯುತ್ತಿದ್ದೀರಾ ಎಂದು ಕೇಳುವ ಕೆಲಸವನ್ನು ಅಧ್ಯಯನದ ಖರ್ಚಿನಲ್ಲಿ ಮೊದಲೇ ಸೇರಿಸಿಕೊಳ್ಳಬೇಕು.