ಹಿರೇಬೆಣಕಲ್ಲಿನ ಮೋರೇರ ಮನೆಗಳು

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಊರಿನ ಸಮೀಪದ ಗುಡ್ಡದ ಮೇಲೆ ಸುಮಾರು 400 ಕಲ್ಲಿನ ರಚನೆಗಳಿವೆ. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರಕ್ಕೂ ಹೆಚ್ಚು. ಮೂರು ಅಥವಾ ನಾಲ್ಕು ಚಪ್ಪಡಿಗಳ ಗೋಡೆ, ಮೇಲೊಂದು ಚಪ್ಪಡಿಯ ಮಾಳಿಗೆ. ಕೆಲವಕ್ಕೆ ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ. ಸುತ್ತಲಿನ ಜನ ಇವನ್ನು ಮೋರೇರ ಮನೆಗಳು ಎನ್ನುತ್ತಾರೆ. ಮೋರೇರು ಮೂರಡಿಯ ಕುಳ್ಳರು, ಆದರೆ ಮಹಾ ಬಲಶಾಲಿಗಳು ಎಂಬುದು ಹಿರಿಯರ ಕಥೆ.

ಈ ಕಥೆಯನ್ನು ನಾವು ನಗಬೇಕಾಗಿಲ್ಲ. ಅಷ್ಟು ಗಿಡ್ಡ ಮನೆ, ಅಷ್ಟು ಭಾರದ ಕಲ್ಲು, ಎರಡನ್ನೂ ನೋಡಿದವರು ಹಾಗಲ್ಲದೆ ಇನ್ನೇನು ಊಹಿಸಿಯಾರು?

ಪುರಾತತ್ವಜ್ಞರು ಹೇಳುವಂತೆ ಇವು ಕಬ್ಬಿಣದ ಯುಗದ ಜನ ಸತ್ತವರಿಗಾಗಿ ಕಟ್ಟಿದವು. ವಯಸ್ಸು ಎರಡು ಸಾವಿರ ವರ್ಷಕ್ಕೂ ಹೆಚ್ಚು. ಬದುಕಿದ್ದವರ ಮನೆ ಹೇಗಿತ್ತು? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಮರದ ಕಂಬ ನೆಟ್ಟ ಕುಳಿಗಳು ಸಿಕ್ಕವು. ಮನೆಗಳು ಮಣ್ಣಾಗಿ ಹೋಗಿದ್ದವು. ತಮಗೆ ಮರದ ಮನೆ ಸಾಕು, ಸತ್ತವರಿಗೆ ಮಾತ್ರ ಕಲ್ಲಿನ ಮನೆಯೇ ಆಗಬೇಕು ಎಂದುಕೊಂಡವರು ಅವರು.

ನನಗೆ ಹೆಚ್ಚು ಹಿಡಿಸಿದ್ದು ಅವರ ಕಟ್ಟಡದ ಲೆಕ್ಕ. ಈ ಗುಡ್ಡದ ಬಂಡೆ ಪದರಪದರವಾಗಿ ಏಳುವಂಥದ್ದು. ಅದನ್ನು ಅಲ್ಲಿಯೇ ಎಬ್ಬಿಸಿ, ಅಂಚು ತಟ್ಟಿ ನಿಲ್ಲಿಸಿದ್ದಾರೆ. ಗಾರೆಯಿಲ್ಲ. ಬ್ರಹ್ಮಗಿರಿಯ ನೆಲದೊಳಗಿನ ಕಲ್ಲುಕೋಣೆಗಳಲ್ಲಿ ಈ ಜಾಣತನ ಸ್ಪಷ್ಟವಾಗಿ ಕಾಣುತ್ತದೆ: ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ ಚಪ್ಪಡಿಯನ್ನು ದಾಟಿ ಚಾಚಿದೆ, ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನ ಮಣ್ಣು ಒತ್ತಿದಷ್ಟೂ ಒಂದು ಕಲ್ಲು ಇನ್ನೊಂದಕ್ಕೆ ಆನಿಕೊಂಡು ಬಿಗಿಯಾಗುತ್ತದೆ. ನಾನು ಬಿ.ಇ. ಓದಿದ್ದರೂ ಸಿವಿಲ್ ವಿಭಾಗದವನಲ್ಲ. ಅದು ಬೇಕಾಗಿಯೂ ಇಲ್ಲ, ನಾಲ್ಕು ನೋಟ್‌ಬುಕ್ ನಿಲ್ಲಿಸಿ ನೋಡಿದರೆ ಯಾವ ಹುಡುಗನಿಗೂ ತಿಳಿಯುತ್ತದೆ.

ಅದೇ ಗುಡ್ಡದಲ್ಲಿ ದೊಡ್ಡ ನಗಾರಿಯಂಥ ಕಲ್ಲೊಂದಿದೆ. ಬಡಿದರೆ ಸದ್ದು ದೂರದವರೆಗೆ ಕೇಳುತ್ತದೆ.

ಕೆಲವರು ಇವನ್ನು ಮೌರ್ಯರ ಮನೆಗಳು ಎಂದು ಬರೆಯುತ್ತಾರೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿರುವುದರಿಂದ ಹಾಗೆನ್ನಿಸುವುದು ಸಹಜ. ಆದರೆ ಇಂಥ ಕಲ್ಲುಮನೆ ಕಟ್ಟುವ ರೂಢಿ ಮೌರ್ಯ ಅರಸರಿಗಿಂತ ಹಳೆಯದು. ರಾಜರ ಹೆಸರಿಲ್ಲದಿದ್ದರೆ ನಮಗೆ ಇತಿಹಾಸವೇ ಅನ್ನಿಸುವುದಿಲ್ಲವೇನೋ. ಐಹೊಳೆಗೆ ಪ್ರವಾಸ ಹೋದವರು ಮೇಗುಟಿಯಲ್ಲಿ 634ರ ರವಿಕೀರ್ತಿಯ ಶಾಸನ ನೋಡಿ ಇಳಿದುಬಿಡುತ್ತಾರೆ. ಅದೇ ಬೆಟ್ಟದ ಮೇಲೆ ಇಂಥ ಕಲ್ಲುಮನೆಗಳಿರುವುದನ್ನು ಗಮನಿಸುವವರು ಕಡಿಮೆ. 19ನೇ ಶತಮಾನದಲ್ಲಿ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಆ ಸೀಮೆಯ ಇಂಥ ರಚನೆಗಳ ಬಗ್ಗೆ ಬರೆದರು. ನಮ್ಮವರೇ ಆದ ಎ. ಸುಂದರ ಅವರು ದಕ್ಷಿಣ ಭಾರತದ ಕಲ್ಲುಕೋಣೆ ಸಮಾಧಿಗಳ ಮೇಲೆ 1975ರಲ್ಲಿ ಇಡೀ ಗ್ರಂಥವನ್ನೇ ಹೊರತಂದರು.

2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಆದರೂ ನಿಧಿಯಾಸೆಗೆ ಅಗೆಯುವವರ ಕಾಟ ಇಂಥ ಜಾಗಗಳಿಗೆ ತಪ್ಪಿದ್ದಲ್ಲ. ಒಳಗೆ ಚಿನ್ನವಿಲ್ಲ, ಸಿಕ್ಕರೆ ಮಡಕೆಯ ಚೂರು ಸಿಕ್ಕೀತು. ಒಂದಕ್ಕೊಂದು ಆನಿಕೊಂಡು ನಿಂತ ಕಲ್ಲುಗಳಲ್ಲಿ ಒಂದನ್ನು ಎಳೆದರೆ ಮಾಳಿಗೆಯ ಚಪ್ಪಡಿ ಸಮೇತ ಎಲ್ಲವೂ ಉರುಳುತ್ತವೆ. ಬಿದ್ದದ್ದನ್ನು ಮೊದಲಿನಂತೆ ನಿಲ್ಲಿಸಬಲ್ಲ ಮೋರೇರು ಈಗಿಲ್ಲ.