ಸಿಡಿಲಿನ ಸೀಮೆಯಲ್ಲಿ ಲ್ಯಾನ್ ಕಾರ್ಡ್

ಏಪ್ರಿಲ್‌ನ ಪುತ್ತೂರು ಜಾತ್ರೆ ಮುಗಿದಲ್ಲಿಂದ ಮೇ ಕೊನೆಯ ಪತ್ತನಾಜೆಯವರೆಗಿನ ನಾಲ್ಕೈದು ವಾರ ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬದ ಕಂಪ್ಯೂಟರ್ ರಿಪೇರಿಯವರಿಗೆ ಕೈತುಂಬ ಕೆಲಸ. ಮಧ್ಯಾಹ್ನ ಕಳೆಯುತ್ತಿದ್ದಂತೆ ಘಟ್ಟದ ಕಡೆ ಮೋಡ ಕಟ್ಟುತ್ತದೆ, ಸಂಜೆ ಗುಡುಗು ಸಿಡಿಲು. ಮರುದಿನ ಬರುವ ದೂರುಗಳಲ್ಲಿ ಒಂದು ತಪ್ಪುವುದೇ ಇಲ್ಲ: ಕಂಪ್ಯೂಟರ್ ಆನ್ ಆಗುತ್ತದೆ, ಎಲ್ಲ ಸರಿಯಿದೆ, ಇಂಟರ್‌ನೆಟ್ ಮಾತ್ರ ಇಲ್ಲ. ಹಿಂಬದಿಯ ಲ್ಯಾನ್ ಪೋರ್ಟಿನ ದೀಪ ಉರಿಯುವುದಿಲ್ಲ. ಬಿಚ್ಚಿ ನೋಡಿದರೆ ಮದರ್‌ಬೋರ್ಡಿನ ನೆಟ್‌ವರ್ಕ್ ಚಿಪ್ ಸುಟ್ಟಿರುತ್ತದೆ. ಅದಕ್ಕೆ ಮದ್ದು, ಖಾಲಿ ಸ್ಲಾಟಿಗೆ ಒಂದು ಬಿಡಿ ಲ್ಯಾನ್ ಕಾರ್ಡ್.

ಬೇರೆ ಕಡೆಗಳಲ್ಲಿ ಈ ಕಾರ್ಡಿನ ಕತೆ 2000ದ ದಶಕದಲ್ಲೇ ಮುಗಿದಂತೆ ಬರೆಯುವುದು ವಾಡಿಕೆ. ನೆಟ್‌ವರ್ಕ್ ಚಿಪ್ ಮದರ್‌ಬೋರ್ಡಿನೊಳಗೆ ಸೇರಿಕೊಂಡಿತು, ಕಾರ್ಡು ಬೇಡವಾಯಿತು ಎಂದು. ಪುತ್ತೂರಿನ ಹತ್ತಿರದ ನರಿಮೊಗರಿನಂಥ ಊರಿಂದ ನೋಡಿದರೆ ಚಿತ್ರ ಬೇರೆ. ಇಲ್ಲಿ ಬಿಡಿ ಕಾರ್ಡ್ ಹೋದಂತೆ ಮಾಡಿ ಮತ್ತೆ ಮತ್ತೆ ಬಂದಿದೆ. ಅದನ್ನು ಕರೆಸಿದ್ದು ಈ ನೆಲ, ಈ ಮಳೆ, ಒಂದಕ್ಕೊಂದು ದೂರವಿರುವ ಈ ಮನೆಗಳು.

ಮೂಲಕ್ಕೆ ಹೋದರೆ, 1973ರ ಮೇ 22ರಂದು ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಬರೆದ ಟಿಪ್ಪಣಿಯಿಂದ ಈ ಕಾರ್ಡುಗಳು ಬಳಸುವ ಈಥರ್‌ನೆಟ್ ಎಂಬ ಜಾಲವಿಧಾನ ಶುರುವಾಯಿತು. ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್. 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಕಂಪನಿಗಳು ಮೂರೂ ಸೇರಿ 10 ಮೆಗಾಬಿಟ್‌ನ ಮಾನಕ ಪ್ರಕಟಿಸಿದವು. 1982ರಲ್ಲಿ ಮೆಟ್‌ಕಾಫ್ ಅವರದೇ ಕಂಪನಿ ತ್ರೀಕಾಮ್ ಐಬಿಎಂ ಪಿಸಿಗೆ ಹಾಕುವ ಕಾರ್ಡನ್ನು ಮಾರುಕಟ್ಟೆಗೆ ತಂದಿತು. ಆದರೆ ಸಾಮಾನ್ಯರ ಕೈಗೆಟುಕುವ ಬೆಲೆಗೆ ಕಾರ್ಡನ್ನು ಇಳಿಸಿದ್ದು ನಾವೆಲ್ ಕಂಪನಿಯ ಎನ್‌ಇ2000 ಮಾದರಿ. ತೈವಾನಿನ ಕಾರ್ಖಾನೆಗಳು ಅದರ ನಕಲುಗಳನ್ನು ರಾಶಿಗಟ್ಟಲೆ ಮಾಡಿದವು. 1990ರ ದಶಕದಲ್ಲಿ ನಮ್ಮ ಕಾಲೇಜು ಲ್ಯಾಬುಗಳಿಗೆ, ತರಬೇತಿ ಕೇಂದ್ರಗಳಿಗೆ ಬಂದ ಅಗ್ಗದ ಕಾರ್ಡುಗಳ ಪೆಟ್ಟಿಗೆಯ ಮೇಲೆ 'ಎನ್‌ಇ2000 ಕಂಪ್ಯಾಟಿಬಲ್' ಎಂದಿರುತ್ತಿತ್ತು.

ಆ ಕಾಲದಲ್ಲಿ ಕಾರ್ಡ್ ಹಾಕುವುದೆಂದರೆ ಜಂಪರ್ ಎಂಬ ಪುಟ್ಟ ಕೊಂಡಿ ಕೀಳುವುದು, ಜಂಪರ್ ಹಾಕುವುದು. ಪ್ರತಿ ಕಾರ್ಡಿಗೂ ಪ್ರೊಸೆಸರಿನ ಗಮನ ಸೆಳೆಯಲು ಒಂದು ಐಆರ್‌ಕ್ಯೂ ಸಂಖ್ಯೆ, ಮಾಹಿತಿ ಸಾಗಿಸಲು ಒಂದು ಐ/ಓ ವಿಳಾಸ ಬೇಕಿತ್ತು. ಎನ್‌ಇ2000 ಕಾರ್ಖಾನೆಯಿಂದ ಬರುವಾಗ ಐಆರ್‌ಕ್ಯೂ 3, ವಿಳಾಸ 300 ಎಂದು ಹೊಂದಿಸಿಕೊಂಡೇ ಬರುತ್ತಿತ್ತು. ಕಂಪ್ಯೂಟರಿನ ಎರಡನೆಯ ಸೀರಿಯಲ್ ಪೋರ್ಟಿಗೂ ಅದೇ 3. ಅಲ್ಲಿ ಮೋಡೆಮ್ ಇದ್ದರೆ ಎರಡರಲ್ಲಿ ಒಂದು ನಿಲ್ಲುತ್ತದೆ. ಸಂಖ್ಯೆ 5ಕ್ಕೆ ಬದಲಾಯಿಸೋಣವೆಂದರೆ ಸೌಂಡ್ ಕಾರ್ಡ್ ಅಲ್ಲಿ ಕೂತಿರುತ್ತದೆ. ಕ್ಯಾಬಿನೆಟ್ಟಿನ ಒಳಗೆ ಯಾವುದಕ್ಕೆ ಯಾವ ಸಂಖ್ಯೆ ಎಂದು ಕಾಗದದಲ್ಲಿ ಬರೆದಿಟ್ಟುಕೊಳ್ಳದವನಿಗೆ ಆ ಕೆಲಸ ಸಾಗುತ್ತಿರಲಿಲ್ಲ.

ಕೇಬಲ್ಲೂ ಬೇರೆ ಇತ್ತು. ಟಿವಿ ಕೇಬಲ್ಲಿನ ಹಾಗೆ ಕಾಣುವ ದುಂಡನೆಯ ಕಪ್ಪು ವಯರು, ಪ್ರತಿ ಕಂಪ್ಯೂಟರಿನ ಹಿಂದೆ ಒಂದು 'ಟಿ' ಕನೆಕ್ಟರ್, ಎರಡೂ ತುದಿಗೆ 50 ಓಮ್‌ನ ಟರ್ಮಿನೇಟರ್. ಒಟ್ಟು ಉದ್ದ 185 ಮೀಟರ್ ಮೀರಬಾರದು, ಒಂದು ಸಾಲಿಗೆ 30ಕ್ಕಿಂತ ಹೆಚ್ಚು ಯಂತ್ರ ಇರಬಾರದು. ಯಾರದೋ ಕಾಲು ತಾಗಿ ಒಂದು ಕನೆಕ್ಟರ್ ಸಡಿಲವಾದರೆ ಇಡೀ ಲ್ಯಾಬ್ ಸ್ತಬ್ಧ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಲೋಹದ ಕನೆಕ್ಟರಿನ ಪಾಡು ಹೇಳಬೇಕಾದ್ದಿಲ್ಲ. ತಿರುಚಿದ ಜೋಡಿ ತಂತಿಗಳ ತೆಳು ಕೇಬಲ್ಲು, ಹಬ್ಬು, ಪ್ಲಾಸ್ಟಿಕ್ಕಿನ ಕನೆಕ್ಟರು ಬಂದ ಮೇಲೆ ಒಬ್ಬನ ತೊಂದರೆ ಒಬ್ಬನಲ್ಲೇ ಉಳಿಯುವಂತಾಯಿತು. ಜತೆಗೆ ಪಿಸಿಐ ಸ್ಲಾಟೂ ಬಂತು. ಕಾರ್ಡು ತನ್ನನ್ನು ತಾನೇ ಪರಿಚಯಿಸಿಕೊಳ್ಳತೊಡಗಿತು, ಜಂಪರುಗಳ ಕಾಲ ಮುಗಿಯಿತು. ರಿಯಲ್‌ಟೆಕ್‌ನ ಆರ್‌ಟಿಎಲ್8139 ಎಂಬ ಒಂದು ಚಿಪ್, ಕೆಲವು ನೂರು ರೂಪಾಯಿಗೆ ಸಿಗುವ 100 ಮೆಗಾಬಿಟ್ ಕಾರ್ಡಿನ ಮೇಲೆ ಕೂತು, ಊರೂರಿನ ಅಂಗಡಿ ತುಂಬಿತು. ವಿಂಡೋಸ್ ಎಕ್ಸ್‌ಪಿಯಲ್ಲಿ ಅದರ ಡ್ರೈವರ್ ಮೊದಲೇ ಇತ್ತು. ಸಿಡಿ ಕಳೆದುಕೊಂಡವರ ಪಾಲಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರಿರಲಿಲ್ಲ.

ಮನೆಗಳಿಗೆ ಮೊದಲು ಬಂದದ್ದು ಡಯಲ್-ಅಪ್. ಅದಕ್ಕೆ ಬೇಕಿದ್ದುದು ಮೋಡೆಮ್, ಲ್ಯಾನ್ ಕಾರ್ಡಲ್ಲ. ಸೈಬರ್ ಕೆಫೆಗಳಲ್ಲಿ ಮಾತ್ರ ಎರಡೂ ಬೇಕಾಗುತ್ತಿದ್ದವು. ಫೋನ್ ಲೈನ್ ಕೂಡಿಸಿದ ಒಂದು ಯಂತ್ರ, ಅದರಿಂದ ಹಬ್ಬಿಗೆ, ಹಬ್ಬಿನಿಂದ ಉಳಿದವಕ್ಕೆ. ವಿಂಡೋಸ್ 98ರ ಎರಡನೆಯ ಆವೃತ್ತಿಯಲ್ಲಿ ಬಂದ ಇಂಟರ್‌ನೆಟ್ ಹಂಚಿಕೆಯ ಸೌಲಭ್ಯ ಯಜಮಾನ ಯಂತ್ರಕ್ಕೆ 192.168.0.1 ಎಂಬ ವಿಳಾಸ ಕೊಡುತ್ತಿತ್ತು. ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ ಎಂಬ ಮಾತುಗಳನ್ನು ನಮ್ಮ ಹುಡುಗರು ಪಠ್ಯಪುಸ್ತಕಕ್ಕಿಂತ ಮೊದಲು ಕೆಫೆಗಳಲ್ಲಿ ಕಲಿತರು.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಬ್ರಾಡ್‌ಬ್ಯಾಂಡ್ ಶುರುವಾಯಿತು. ಕಾರ್ಡು ತೋಟದ ಮನೆಯ ಚಾವಡಿಗೆ ಬಂದದ್ದು ಆಮೇಲೆ. ಮೋಡೆಮ್‌ಗೆ ಯುಎಸ್‌ಬಿಯೂ ಇತ್ತು, ಲ್ಯಾನ್ ಪೋರ್ಟೂ ಇತ್ತು. ಯುಎಸ್‌ಬಿಗೆ ಡ್ರೈವರಿನ ಕಾಟವಿದ್ದುದರಿಂದ ಹೆಚ್ಚಿನವರು ಲ್ಯಾನ್ ಕಾರ್ಡನ್ನೇ ನೆಚ್ಚಿಕೊಂಡರು. ವೇಗ ಸೆಕೆಂಡಿಗೆ 256 ಕಿಲೋಬಿಟ್‌ನಿಂದ ಶುರು. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಮಿತಿಯಿಲ್ಲದ ಯೋಜನೆ ಬಂದಾಗ ಡೌನ್‌ಲೋಡಿಗೆಂದೇ ಅಲಾರಂ ಇಟ್ಟು ಏಳುವವರಿದ್ದರು. ರಾತ್ರಿಯಿಡೀ ಕಂಪ್ಯೂಟರ್ ಫೋನ್ ಲೈನಿಗೆ ಅಂಟಿಕೊಂಡಿರುವ ರೂಢಿ ಹೀಗೆ ಬಿತ್ತು. ಸಿಡಿಲಿಗೆ ದಾರಿ ತೆರೆದದ್ದೂ ಇದೇ.

ಈ ಭಾಗದ ಹಳ್ಳಿಗಳಲ್ಲಿ ಬಯಲುಸೀಮೆಯಂತೆ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ. ಪುತ್ತೂರು ಪೇಟೆಯಿಂದ ಕಾಣಿಯೂರಿನ ಕಡೆ ಹೊರಟು ನರಿಮೊಗರು ದಾಟುವಾಗ ನೋಡಿ: ಒಬ್ಬರ ಮನೆ ಅವರವರ ಅಡಿಕೆ ತೋಟದ ನಡುವೆ, ಒಂದು ಮನೆಯಿಂದ ಇನ್ನೊಂದಕ್ಕೆ ನಡುವೆ ಗುಡ್ಡೆಯೋ ತೋಡೋ. ಹಾಗಾಗಿ ಫೋನಿನ ತಂತಿ ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಬಹುದೂರ ಹೋಗಬೇಕು. ಸಿಡಿಲು ಮನೆಗೇ ಬಡಿಯಬೇಕೆಂದಿಲ್ಲ. ಹತ್ತಿರದಲ್ಲಿ ಎಲ್ಲೋ ಬಿದ್ದರೂ ಅಷ್ಟು ಉದ್ದದ ತಾಮ್ರದಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ವಿದ್ಯುತ್ ಲೈನಿನ ಅರ್ಥ್ ಒಂದು ಕಡೆ, ಫೋನ್ ಲೈನಿನ ಅರ್ಥ್ ಮತ್ತೊಂದು ಕಡೆ. ಎರಡರ ನಡುವಿನ ವ್ಯತ್ಯಾಸ ಹರಿದು ಹೋಗಲು ಸಿಗುವ ಸೇತುವೆ ನಮ್ಮ ಕಂಪ್ಯೂಟರ್. ಲ್ಯಾನ್ ಪೋರ್ಟಿನ ಹಿಂದೆ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿರುತ್ತವೆ. ಅವು 1500 ವೋಲ್ಟನ್ನು ಒಂದು ನಿಮಿಷ ತಡೆಯಬೇಕೆಂಬುದು ಮಾನಕ. ಸಿಡಿಲಿನ ಹೊಡೆತ ಅದನ್ನು ಲೆಕ್ಕಕ್ಕಿಡುವುದಿಲ್ಲ.

ಇದರ ಮೇಲೆ ಮುರಕಲ್ಲಿನ ನೆಲ. ಏಪ್ರಿಲ್, ಮೇ ಹೊತ್ತಿಗೆ ಅದು ಒಣಗಿ ವಿದ್ಯುತ್ತನ್ನು ಒಳಗೆಳೆದುಕೊಳ್ಳಲು ಒಪ್ಪುವುದಿಲ್ಲ. ಸಿಡಿಲು ಜೋರಿರುವುದೂ ಆಗಲೇ. ಉಪ್ಪು, ಇದ್ದಿಲು ಹಾಕಿ ಅರ್ಥ್ ಗುಂಡಿ ಮಾಡಿಸಿದವರು ಬೇಸಿಗೆಯಲ್ಲಿ ಅದಕ್ಕೆ ನೀರು ಹೊಯ್ಯಲು ಮರೆಯುತ್ತಾರೆ. ಗುಡುಗು ಕೇಳಿದೊಡನೆ ಕರೆಂಟಿನ ಪ್ಲಗ್ ಕೀಳುವ ಅಭ್ಯಾಸ ಎಲ್ಲ ಮನೆಯಲ್ಲೂ ಉಂಟು. ಆದರೆ ಮೋಡೆಮ್‌ನಿಂದ ಬಂದ ಲ್ಯಾನ್ ಕೇಬಲ್ ಹಾಗೇ ಉಳಿದಿರುತ್ತದೆ. ಪ್ಲಗ್ ಕಿತ್ತಿದ್ದೂ ಸುಟ್ಟಿತಲ್ಲ ಎಂದು ಬೇಸರಪಡುವವರಿಗೆ ಕಾರಣ ಅಲ್ಲಿದೆ. ನನ್ನ ದೃಷ್ಟಿಯಲ್ಲಿ ಈ ಸೀಮೆಯ ಕಂಪ್ಯೂಟರ್ ಪಾಠದಲ್ಲಿ ಜಾಲದ ಏಳು ಪದರಗಳ (ಓಎಸ್‌ಐ) ಮಾದರಿಗಿಂತ ಮೊದಲು ಇದನ್ನು ಹೇಳಿಕೊಡಬೇಕು.

ನೆಟ್‌ವರ್ಕ್ ಚಿಪ್ಪನ್ನು ಮದರ್‌ಬೋರ್ಡಿನೊಳಗೆ ಸೇರಿಸಿದ್ದು ಬೆಲೆಯ ದೃಷ್ಟಿಯಿಂದ ಸರಿಯಿರಬಹುದು. ಸಿಡಿಲಿನ ಊರಿಗೆ ಅದು ನಷ್ಟದ ವ್ಯಾಪಾರ. ಬಿಡಿ ಕಾರ್ಡ್ ಸುಟ್ಟರೆ ಕಾರ್ಡಿನ ಬೆಲೆ, ಬೋರ್ಡಿನ ಚಿಪ್ ಸುಟ್ಟರೆ ಇಡೀ ಬೋರ್ಡಿನ ಚಿಂತೆ. ಅದೃಷ್ಟಕ್ಕೆ ಬಹಳ ಸಲ ಹೊಡೆತ ಚಿಪ್ಪಿನಲ್ಲೇ ನಿಲ್ಲುತ್ತದೆ, ಆಗ ಕಾರ್ಡ್ ಹಾಕಿ ಯಂತ್ರವನ್ನು ಉಳಿಸಬಹುದು. ಕೆಲಸ ಸಣ್ಣದು, ಕ್ರಮ ಮುಖ್ಯ. ಪವರ್ ಕೇಬಲ್ ಕಿತ್ತು ಸ್ವಿಚ್ ಒಮ್ಮೆ ಒತ್ತಿ ಉಳಿದ ಕರೆಂಟ್ ಇಳಿಸಬೇಕು. ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನೂ ಇಳಿಸಬೇಕು. ಹೊಸ ಬೋರ್ಡಿನಲ್ಲಿ ಹಳೆಯ ಪಿಸಿಐ ಸ್ಲಾಟ್ ಇರುವುದಿಲ್ಲ, ಪಿಸಿಐ ಎಕ್ಸ್‌ಪ್ರೆಸ್‌ನ ಗಿಡ್ಡ ಸ್ಲಾಟಿಗೆ ಹೊಂದುವ ಕಾರ್ಡ್ ತರಬೇಕು. ಗಿಡ್ಡ ಸ್ಲಾಟ್ ತುಂಬಿದ್ದರೆ ಉದ್ದದ್ದರಲ್ಲೂ ಅದು ಕೂರುತ್ತದೆ. ಸಪೂರ ಕ್ಯಾಬಿನೆಟ್ಟಿನ ಕಂಪ್ಯೂಟರಿಗೆ ಮೊಟಕು ಪಟ್ಟಿ ಇರುವ ಕಾರ್ಡೇ ಬೇಕು. ಇದನ್ನು ನೋಡದೆ ಪೇಟೆಗೆ ಎರಡೆರಡು ಸಲ ಓಡಾಡಿದವರು ಬಹಳ.

ಕಾರ್ಡು ಕೂರಿಸಿದ ಮೇಲೆ ಹೆಚ್ಚಿನವರು ಬಿಡುವ ಹೆಜ್ಜೆ, ಬಯಾಸ್‌ಗೆ ಹೋಗಿ ಸುಟ್ಟ ಆನ್‌ಬೋರ್ಡ್ ಲ್ಯಾನನ್ನು ನಿಲ್ಲಿಸುವುದು. ಅರೆಜೀವದ ಚಿಪ್ ಯಂತ್ರ ಏಳುವಾಗ ತೊಡಕು ಕೊಡಬಹುದು, ವಿಂಡೋಸ್‌ನಲ್ಲಿ ಎರಡು ಜಾಲ ಕಂಡು ಗೊಂದಲವೂ ಆಗುತ್ತದೆ. ಇನ್ನು ಕಚೇರಿಗಳಲ್ಲಿ ಸ್ಥಿರ ಐಪಿ ವಿಳಾಸ ಕೊಟ್ಟಿರುತ್ತಾರೆ. ಹೊಸ ಕಾರ್ಡಿಗೆ ಅದೇ ವಿಳಾಸ ಬರೆಯಹೊರಟರೆ, ಇದು ಬೇರೊಂದು ಅಡಾಪ್ಟರಿಗೆ ಕೊಟ್ಟ ವಿಳಾಸ ಎಂದು ವಿಂಡೋಸ್ ತಕರಾರು ತೆಗೆಯುತ್ತದೆ. ಸತ್ತ ಅಡಾಪ್ಟರ್ ಕಣ್ಣಿಗೆ ಕಾಣದಂತೆ ಡಿವೈಸ್ ಮ್ಯಾನೇಜರಿನಲ್ಲಿ ಉಳಿದಿರುವುದೇ ಕಾರಣ. ಅಡಗಿದ ಸಾಧನಗಳನ್ನು ತೋರಿಸಲು ಹೇಳಿ ಅದನ್ನು ತೆಗೆದುಹಾಕಿದರೆ ಮುಗಿಯಿತು. ಕಾರ್ಡಿನ ಜತೆ, ಪ್ರತಿ ಕಾರ್ಡಿಗೂ ಬೇರೆಯಾಗಿರುವ ಮ್ಯಾಕ್ ವಿಳಾಸವೂ ಬದಲಾಗುತ್ತದೆ. ಅದಕ್ಕೆ ಕಟ್ಟಿಹಾಕಿದ ಸಾಫ್ಟ್‌ವೇರ್ ಪರವಾನಗಿ ಅಥವಾ ಕೇಬಲ್ ಸಂಪರ್ಕ ಇದ್ದರೆ ಅದನ್ನು ಕೊಟ್ಟವರಿಗೂ ತಿಳಿಸಬೇಕು. ಕೊನೆಗೆ ವಿಳಾಸ 169.254 ಎಂದು ಶುರುವಾಗಿದ್ದರೆ ಕಾರ್ಡನ್ನು ದೂರಬೇಡಿ: ಕಾರ್ಡ್ ಬದುಕಿದೆ, ರೂಟರ್ ಅದಕ್ಕೆ ವಿಳಾಸ ಕೊಟ್ಟಿಲ್ಲ. ಗಿಗಾಬಿಟ್ ಕಾರ್ಡ್ 100ರಲ್ಲೇ ಓಡುತ್ತಿದ್ದರೆ ಕೇಬಲ್ಲಿನ ತುದಿ ನೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು. ಮಳೆಗಾಲದ ಆಟಿ ತಿಂಗಳ ಥಂಡಿಯಲ್ಲಿ ಪಿನ್ನಿಗೆ ಕಿಲುಬು ಹಿಡಿದು ಒಂದು ಜೋಡಿ ಕೈಕೊಟ್ಟಿರುತ್ತದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಅಗ್ಗವೆಂದು ತಂದರೆ ಈ ತೊಂದರೆ ಬೇಗ ಬರುತ್ತದೆ.

ಡ್ರೈವರಿನ ವಿಷಯದಲ್ಲಿ ಹಿಂದೆಮುಂದೆ ಆದದ್ದು ಗಮನಾರ್ಹ. ಎಕ್ಸ್‌ಪಿಯ ಕೊನೆಗಾಲದಲ್ಲಿ ಆರ್‌ಟಿಎಲ್8111 ಗಿಗಾಬಿಟ್ ಚಿಪ್ ಬಂದಾಗ ಅದರ ಡ್ರೈವರ್ ಎಕ್ಸ್‌ಪಿಯಲ್ಲಿರಲಿಲ್ಲ. ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳೋಣವೆಂದರೆ ಇಂಟರ್‌ನೆಟ್ಟಿಗೇ ಡ್ರೈವರ್ ಬೇಕು. ವಿಂಡೋಸ್ 7 ಅದನ್ನು ಸರಿಮಾಡಿತು. ಈಗ ವಿಂಡೋಸ್ 11 ಹಾಕುವಾಗಲೇ ಇಂಟರ್‌ನೆಟ್ ಕೇಳುತ್ತದೆ, ಹೊಸ 2.5 ಗಿಗಾಬಿಟ್ ಚಿಪ್ಪುಗಳ ಡ್ರೈವರ್ ಕೆಲವು ಸಲ ಒಳಗಿರುವುದಿಲ್ಲ. ಡ್ರೈವರ್ ತುಂಬಿದ ಪೆನ್‌ಡ್ರೈವ್ ರಿಪೇರಿಯವರ ಜೇಬಿಗೆ ಮರಳಿದೆ. ಲಿನಕ್ಸ್ ಈ ವಿಷಯದಲ್ಲಿ ಮೊದಲಿಂದಲೂ ಉದಾರಿ. ನಾಸಾದ ಗೊಡಾರ್ಡ್ ಕೇಂದ್ರದಲ್ಲಿದ್ದ ಡೊನಾಲ್ಡ್ ಬೆಕರ್ 1990ರ ದಶಕದಲ್ಲಿ ಅಗ್ಗದ ಕಾರ್ಡುಗಳಿಗೆಲ್ಲ ಡ್ರೈವರ್ ಬರೆದು ಮುಕ್ತವಾಗಿ ಕೊಟ್ಟರು. ಅದರ ಫಲ ನಮ್ಮ ಗಡಿಯಾಚೆಗೇ ಕಾಣುತ್ತದೆ. ಕೇರಳದ ಐಟಿ@ಸ್ಕೂಲ್ ಯೋಜನೆ 2001ರಲ್ಲಿ ಶುರುವಾಗಿ ಮುಂದೆ ಶಾಲಾ ಲ್ಯಾಬುಗಳಿಗೆ ಗ್ನೂ/ಲಿನಕ್ಸನ್ನೇ ಆರಿಸಿಕೊಂಡಿತು, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿತರು. ಲಿನಕ್ಸಿನಲ್ಲೂ ಕಾರ್ಡ್ ಬದಲಿಸಿದರೆ ಒಂದು ತೊಡಕಿತ್ತು: ಇಥ್0 ಎಂದಿದ್ದ ಹೆಸರು ಹೊಸ ಕಾರ್ಡಿಗೆ ಇಥ್1 ಎಂದಾಗಿ ಹಳೆಯ ಹೊಂದಾಣಿಕೆ ಕೆಲಸ ಮಾಡುತ್ತಿರಲಿಲ್ಲ. ಈಗ ಹೆಸರು ಸಾಮಾನ್ಯವಾಗಿ ಸ್ಲಾಟಿನ ಸ್ಥಾನವನ್ನು ಹಿಡಿದು ಬರುತ್ತದೆ.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ, 2015ರಲ್ಲಿ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತರಲು ಹೊರಟಿತು. ಎಲ್ಲರಿಗೂ ಅದು ಸಕಾಲಕ್ಕೆ ಸಿಗಲಿಲ್ಲ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ನಾಡೆಲ್ಲ ಹರಡಿತು. ಅದನ್ನು ನೋಡಿ ನೊಂದವರಲ್ಲಿ ನಾನೂ ಒಬ್ಬ. ಫೈಬರ್ ತಲುಪಿದ ಮನೆಗಳಲ್ಲಿ ಮಾತ್ರ ಸಿಡಿಲಿನ ಲೆಕ್ಕ ಬದಲಾಗಿದೆ. ಗಾಜಿನಲ್ಲಿ ವಿದ್ಯುತ್ ಹರಿಯದು, ಫೋನ್ ತಂತಿಯ ದಾರಿ ಮುಚ್ಚಿತು. ಕರೆಂಟಿನ ದಾರಿ ಇನ್ನೂ ಇದೆ: ಫೈಬರ್ ಮೋಡೆಮ್‌ನ ಅಡಾಪ್ಟರ್ ಮೂಲಕ ಬಂದ ಹೊಡೆತ ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರ್ ಸೇರಬಹುದು. ವೈಫೈ ಆದರೆ ಆ ಕೊಂಡಿಯೂ ಇಲ್ಲ. ಆದರೆ ಕೆಂಪುಕಲ್ಲಿನ ದಪ್ಪ ಗೋಡೆ ದಾಟುವಾಗ 5 ಗಿಗಾಹರ್ಟ್ಸ್ ಸಂಕೇತ ಸೋಲುತ್ತದೆ, ಒಳಕೋಣೆಯ ಮೇಜಿಗೆ ಕೇಬಲ್ಲೇ ಗತಿ.

ಈಗ ಬರುವ ಪುಟ್ಟ ಕಂಪ್ಯೂಟರುಗಳಲ್ಲಿ ಸ್ಲಾಟೇ ಇರುವುದಿಲ್ಲ. ಕಾರ್ಡಿನ ಜಾಗಕ್ಕೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಬಂದಿದೆ, ಕ್ಯಾಬಿನೆಟ್ ಬಿಚ್ಚುವ ಕೆಲಸವಿಲ್ಲ. ಬದಲಿಸುವುದು ಸುಲಭವಾಯಿತೆಂದು ಸುಡುವುದು ನಿಲ್ಲುವುದಿಲ್ಲ. ಹೆಚ್ಚಾಗಿ ಹೊಡೆತ ತರುವುದು ಮನೆಯಿಂದ ಕೊಟ್ಟಿಗೆಗೆ, ಅಂಗಡಿಯಿಂದ ಗೋದಾಮಿಗೆ ಅಂಗಳದ ಮೇಲೆ ಎಳೆದ ಲ್ಯಾನ್ ಕೇಬಲ್ಲು. ಅಂಥಲ್ಲಿ ತಾಮ್ರದ ಬದಲು ಲೋಹದ ಎಳೆಯಿಲ್ಲದ ಫೈಬರ್ ಎಳೆದು, ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ ಇಟ್ಟು, ಪ್ರತಿಯೊಂದಕ್ಕೂ ಆಯಾ ಕಟ್ಟಡದಿಂದಲೇ ಕರೆಂಟ್ ಕೊಟ್ಟರೆ, ಒಂದು ಕಟ್ಟಡಕ್ಕೆ ನುಗ್ಗಿದ ಹೊಡೆತ ಈ ದಾರಿಯಾಗಿ ಇನ್ನೊಂದಕ್ಕೆ ದಾಟುವುದಿಲ್ಲ. ಮೊದಲ ಮಳೆಗೆ ಮುಂಚೆ, ಮಾರ್ಚಿನಲ್ಲೇ, ಅದನ್ನು ಮಾಡಿಸಿಕೊಳ್ಳಬೇಕು.